ಉಡಿಗೆ ಸುರಿದದ್ದು

ಮಲ್ಕಾಜ್‌ಗಿರಿ, ಹೈದರಾಬಾದ್
ಐತವಾರ, ೯ ಮಾರ್ಚ್ ೨೦೦೩

ಪ್ರೀತಿಯ ಸುಮಂಗಲಕ್ಕಗ ಭಾಗ್ಯಶ್ರೀಯ ಶರಣು.

ಹೆಂಗಿದ್ದೀರಿ ಅಕ್ಕಾ? ಮೊಣಕಾಲು ಬ್ಯಾನಿ ಕಮ್ಮಿ ಆತೋ ಇಲ್ಲೋ? ಸಂಕ್ರಮಣಕ್ಕ ಕಳಿಸಿದ ಎಣ್ಣಿ ನೀವು ಹಚ್ಚಿಕೊಂಡ್ರೋ, ಇಲ್ಲಾ ಅತ್ತಿಯವ್ರ ಕಾಲಿಗೇ ತಿಕ್ಕಿ ಬಾಟ್ಲಿ ಖಾಲಿ ಮಾಡಿದ್ರೋ? ಎರಡನೇದಽ ಆಗಿರತೈತಿ, ನಿಮ್ಮ ಸ್ವಭಾವ ನನಗ ಗೊತ್ತಿಲ್ಲೇನು! ಸಾಲ್ಯಾಗ ಪರೀಕ್ಷಾ ಹತ್ತರ ಬಂದಾವ, ಹುಡುಗರ ಹಿಂದ ದಿನಾ ನಿಂತಽ ಇರ್ತೀರಿ. ನಡುನಡುವ ಒಂದೀಟು ಕುಂದರ್ರಿ. ಮನಿಗೆ ಬರೋದು ಬಿಟ್ಟು ಸಾಲಿಗೆ ಪತ್ರ ಬಂತಲ್ಲ ಅಂತ ನಿಮ್ಮ ಎದಿ ಧಸಕ್ ಅಂದಿರಬೇಕು. ಹೆದರಬ್ಯಾಡ್ರಿ, ಯಾರಿಗೂ ಏನೂ ಆಗಿಲ್ಲ. ಮನಿಗೆ ಹಾಕಿದ್ರ ಅತ್ತಿಯವ್ರ ಕೈಗೆ ಸಿಗತೈತಿ, ಅವ್ರು ಭಾವನ ಕಡಿಂದ ಓದಿಸ್ತಾರ. ಫೋನ್ ಮಾಡೋಣಂದ್ರ ಪಡಸಾಲ್ಯಾಗ ಫೋನಿನ ಬಾಜೂಕ ಅತ್ತಿಯವ್ರ ಮಂಚ. ನನ್ನ ಬಸರಿನ ಕುಬಸ ಆದಾಗಿಂದ ಎಷ್ಟು ಸಲ ಮಾಡಿದೆ, ಒಂದು ಸಲಾನೂ ನೀವು ಫೋನಿಗೆ ಬರ್ಲಿಲ್ಲ. ಅಕಿ ಅಡಗಿ ಮಾಡಾಕತ್ಯಾಳ, ಅಕಿ ಜಳಕಕ್ಕ ಹೋಗ್ಯಾಳ, ಅಕಿ ಮಲಗ್ಯಾಳ. ನೀವು ಯಾವತ್ತೂ ಹಗಲು ಹೊತ್ತಿನ್ಯಾಗ ಮಲಗಿದ್ದು ನಾ ನೋಡಿಲ್ಲ.

ನಾ ಆರಾಮ ಅದೀನಿ ಅಂತ ಬರೀಬೇಕು, ಅರ್ಧ ಖರೇ. ಪಾದ ಉಬ್ಬಿ ನನ್ನ ಚಪ್ಪಲಿ ಹಿಡಿಸವಲ್ಲವು, ನಿಮ್ಮ ಮೈದುನ ಚನ್ನುಂದು ಹಾಕ್ಕೊಂಡು ಆಫೀಸಿಗೆ ಹೋಗ್ತೀನಿ. ಮಂದಿ ನಗ್ತಾರ, ನಗಲಿ. ಬಸ್ಸಿನ್ಯಾಗ ಮಾತ್ರ ರಾಣಿ ಮರ್ಯಾದಿ. ಹತ್ತಿದ್ದಽ ತಡ ಯಾರರ ಒಬ್ಬಾಕಿ ಎದ್ದು 'ಕೂರ್ಚೋ ಅಮ್ಮಾ' ಅಂತಾಳ. ಚನ್ನುಗ ಈ ವಾರ ರಾತ್ರಿ ಪಾಳಿ, ಹಗಲು ಮಲಗಿರ್ತಾನ. ಕ್ವಾರ್ಟರ್ಸಿನ್ಯಾಗ ನೀರು ದಿನ ಬಿಟ್ಟು ದಿನ ಬರಾಕತ್ತೈತಿ. ಕೊಡ ಎತ್ತಬ್ಯಾಡ ಅಂತ ಬಾಜೂಮನಿ ಜಯಮ್ಮ ಬೈತಾರ, ಬೈಕೋಂತಽ ತಾವಽ ತುಂಬಿ ಇಡ್ತಾರ. ಇನ್ನರ್ಧ ಯಾಕ ಆರಾಮ ಇಲ್ಲ ಅನ್ನೋದು ನಿಮಗ ಗೊತ್ತು. ಅದನ್ನಽ ಬರಿಯಾಕ ಕುಂತೀನಿ. ಸುತ್ತು ಹೊಡದು ಬರ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೆಟ್ಟಗ ಹೇಳಾಕ ನನಗ ಧೈರ್ಯ ಸಾಲವಲ್ದು.

ಕುಬಸದ ಹಿಂದಿನ ದಿನ ಕಣಕ ನಾದಿಕೋಂತ ಕೇಳಿದ್ರಿ, ಭಾಗ್ಯಾ ನಿನ್ನ ಕೆಲಸ ಅಂದ್ರ ಏನಽ ಅಂತ. ಯಾರೋ ಕರದ್ರು, ಮಾತು ಅಲ್ಲೇ ನಿಂತಿತು. ಹಿಮಾಯತ್‌ನಗರದಾಗ ಒಂದು ಸೀರಿ ಅಂಗಡಿ ಮ್ಯಾಲ ನಮ್ಮ ಆಫೀಸು. ಪರದೇಶದ ಕಂಪನಿಗೆ ಕಂಪ್ಯೂಟರ್ ಆಟ ಮಾಡಿ ಕೊಡ್ತಾರ. ಈಗ ಮಾಡಾಕತ್ತಿದ್ದು ಹಳೇ ಕಾಲದ ಒಂದು ರಾಜ್ಯದ ಆಟ. ಕ್ವಾಟಿ, ಕುದರಿ, ಕತ್ತಿ, ಬೆಂಕಿ ಉಗುಳಿಕೋಂತ ಹಾರೋ ಹಾವು. ಅಂಥಾ ರಾಜ್ಯ ಯಾವ ಕಾಲಕ್ಕೂ ಇರಲಿಲ್ಲ, ಆದ್ರ ಇತ್ತು ಅನ್ನೋಹಂಗ ಕಾಣಬೇಕು. ಕಂಪ್ಯೂಟರ್ ಗೊತ್ತಿದ್ದ ಹುಡುಗರು ಇಲ್ಲೆ ಬೀದಿಗೊಬ್ರು ಸಿಗ್ತಾರ. ಅಲ್ಲಿನ ಮಂದಿ ಏನು ಉಣ್ತಾರ, ಹೆಂಗ ಮದಿವಿ ಆಗ್ತಾರ, ಹೆಂಗ ಹಡೀತಾರ ಅಂತ ಬರಿಯೋರು ಬೇಕಾಗಿತ್ತು. ನಮ್ಮ ಸಾಹೇಬ್ರು ಅಂಬಾದಾಸ ಅಂತ, ಬೀದರದವ್ರು. ನನ್ನ ಇತಿಹಾಸದ ಎಂ.ಎ. ನೋಡಿ ತಗೊಂಡ್ರು. ಮೊದಲನೇ ದಿನ ಅವ್ರ ರಾಜ್ಯ ತೋರಿಸಿದ್ರು. ನೋಡ್ತೀನಿ, ಬರೇ ಗಂಡಸರು, ಎಲ್ಲಾರ ಕೈಯಾಗೂ ಕತ್ತಿ. ಒಬ್ಬಾಕಿ ಬಸರಿಲ್ಲ, ಒಂದು ಕೂಸಿಲ್ಲ, ಕೂಸಿನ ತಲಿಗೆ ಕಟ್ಟೋ ಒಂದು ಕುಂಚಗಿ ಒಣ ಹಾಕಿಲ್ಲ. ಇವ್ರೆಲ್ಲಾ ಏನು ಮುಗಲಿನಿಂದ ಉದುರ್ಯಾರೇನ್ರಿ ಅಂತ ಕೇಳಿದೆ. ಚಿತ್ರ ತಗಿಯೋ ದೀಪಕನ ಮಾರಿ ಕೆಂಪಗಾತು. ಸಾಹೇಬ್ರು ನಕ್ಕು, ಹಂಗಾರ ಹಡಿಯೋ ಖಾತೆ ನಿಮಗಽ ಇರಲಿ ಅಂದ್ರು.

ಅಕ್ಕಾ, ನಾ ಭಾಳ ಖುಷಿಲೇ ಬರದೆ. ಸೂಲಗಿತ್ತಿಗೆ ಆಸ್ಥಾನದಾಗ ಮಂತ್ರಿ ಬಾಜೂಕ ಜಾಗಾ ಕೊಟ್ಟೆ. ಬಾಣಂತಿ ಖೋಲಿ ಇಟ್ಟೆ, ಅಗ್ಗಿಷ್ಟಿಗಿ ಇಟ್ಟೆ, ತಲಿಗಿಂಬಿನ ಕೆಳಗ ಕುಡಗೋಲು ಇಟ್ಟೆ, ಅಂಟಿನುಂಡಿ ಇಟ್ಟೆ. ಐದನೇ ದಿನ ಕೂಸಿನ ಹಣೆಬರಹ ಬರಿಯಾಕ ಬರೋ ದೇವಿನ್ನೂ ಇಟ್ಟೆ. ದೀಪಕ ಅಕಿ ಕೈಯಾಗ ನವಿಲುಗರಿ ಕೊಟ್ಟು ಕುಂದರಿಸಿದ. ಅರಮನ್ಯಾಗ ಹಿರೇ ರಾಣಿ, ಕಿರೇ ರಾಣಿ. ಹಿರೇ ರಾಣಿಗೆ ಮಕ್ಕಳಿಲ್ಲ. ಇನ್ನೊಂದು ರಿವಾಜು ಬೇಕು, ಯಾರೂ ಕೇಳಿರಬಾರದು, ಆದ್ರ ಖರೇ ಅನ್ನಿಸಬೇಕು ಅಂತ ಸಾಹೇಬ್ರು ಕೇಳಿದ್ರು. ನನ್ನ ಕೈ ತಾನಽ ಬರೀತು: ಬಸರಿ ತನ್ನ ತುಂಬಿದ ಉಡಿಯಿಂದ ಮಕ್ಕಳಿಲ್ಲದಾಕಿಯ ಬರೇ ಉಡಿಗೆ ಸುರಿದ್ರ ಹುಟ್ಟೋ ಕೂಸು ಆ ಉಡೀದು. ತುಂಬಿದ ಉಡಿ ತಿರುಗಿ ಸುರಿಯಂಗಿಲ್ಲ. ಬರದು ಮುಗಿಸಿದ ಮ್ಯಾಲ ನನಗಽ ಗಾಬರಿ ಆತು. ನಮ್ಮನಿ ಮಾತು ಮಾರಿದೆನಲ್ಲ ಅನ್ನಿಸ್ತು. ಅಳಿಸೋದ್ರಾಗ ಸಾಹೇಬ್ರು ಕಳಿಸಿಬಿಟ್ಟಿದ್ರು.

ಈಗ ಆ ಕುಬಸದ ದಿನದ ಮಾತು. ನಾವಿಬ್ರೂ ಅದರ ಬಗ್ಗೆ ಒಂದಕ್ಷರ ಆಡಿಲ್ಲ. ಬೆಳಿಗ್ಗಿಂದ ಒಲಿ ಮುಂದ ಕುಂತು ಹೋಳಿಗಿ ಬೇಯಿಸಿದವ್ರು ನೀವು. ನನಗ ಹಸರ ಸೀರಿ ಉಡಿಸಿದವ್ರು ನೀವು, ಬಳಿಗಾರನ ಕೂಡ ಜಗಳ ತಗದು ಸಣ್ಣ ಅಳತಿ ಹಸರ ಬಳಿ ತರಿಸಿದವ್ರೂ ನೀವಽ. ಉಡಿ ತುಂಬೋ ಹೊತ್ತಿಗೆ ಮುತ್ತೈದೇರು ಬರ್ರಿ ಅಂತ ಕರದಾಗ ನೀವು ಅಡಗಿಮನಿ ಬಾಗಲಾ ಹಿಡಕೊಂಡು ನಿಂತಿದ್ರಿ. ನಾ ನಿಮ್ಮನ್ನ ಕರದೆ. ಅತ್ತಿಯವ್ರ ತಂಗಿ ಯಮುನಾಬಾಯಿ ನನ್ನ ತೋಳು ಹಿಡದು, 'ಅಕಿ ಬ್ಯಾಡ, ಅಕಿದು ಬರೇ ಉಡಿ' ಅಂದ್ರು. ಮೆಲ್ಲಗ ಅಂದ್ರೂ ಅಷ್ಟೂ ಮಂದಿಗೆ ಕೇಳಿಸ್ತು. ನಿಮಗೂ ಕೇಳಿಸ್ತು, ನಿಮ್ಮ ಮಾರಿ ನಾ ನೋಡಿದೆ. ನನಗ ಸಿಟ್ಟು ನೆತ್ತಿಗೇರ್ತು. ನಿಮ್ಮ ಕೈಯಾಗ ಉಂಡ ಹೆಂಗಸರು, ನಿಮ್ಮ ಹತ್ತರ ಮಕ್ಕಳನ್ನ ಓದಾಕ ಕಳಸೋ ಹೆಂಗಸರು, ಒಬ್ಬಾಕೀನೂ ಬಾಯಿ ಬಿಡಲಿಲ್ಲ. ಎದ್ದು ಬಂದೆ. ನಿಮ್ಮ ಸೆರಗು ನಾನಽ ಬಿಡಿಸಿ ಹಿಡದು ನನ್ನ ಉಡ್ಯಾಗಿನ ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು ಎಲ್ಲಾ ಅರ್ಧ ನಿಮಗ ಸುರಿದೆ. 'ಈಗ ತುಂಬೈತಿ, ನೋಡ್ರಿ ಎಲ್ಲಾರೂ' ಅಂದೆ. ದೊಡ್ಡ ಶೂರಿ!

ಅತ್ತಿಯವ್ರು ಅಳಾಕತ್ತಿದ್ರು. ಯಮುನಾಬಾಯಿ ಬಂದು ನನ್ನ ನೆಟಿಗಿ ತಗದ್ರು. ನಾಚಿಕಿ ಬಂತು ಇವ್ರಿಗೆ, ಒಳ್ಳೇದಾತು ಅಂತ ನಾ ಒಳಗಽ ಹಿಗ್ಗಿದೆ. ಮರುದಿನ ಮುಂಜಾನೆ ಅತ್ತಿಯವ್ರು ನನ್ನ ಗಲ್ಲಾ ಹಿಡದು, 'ನನ್ನ ಹಿರೇಮಗನ ವಂಶ ಉಳಿಸಿದಿ ತಾಯಿ, ಕೇಳೂಕಿಂತ ಮೊದಲಽ ಕೊಟ್ಟಿ' ಅಂದಾಗ ಆ ಸುರಿದದ್ದರ ಅರ್ಥ ನನಗ ತಿಳೀತು. ನಮ್ಮ ರಾಯಚೂರು ಕಡಿಗೆ ಇಂಥಾ ರಿವಾಜು ಇಲ್ಲ ಅಕ್ಕಾ. ಮದಿವ್ಯಾಗಿ ಮೂರು ವರ್ಷಾದ್ರೂ ನಿಮ್ಮ ಮನ್ಯಾಗ ಯಾರೂ ಹೇಳಿರಲಿಲ್ಲ. ಅವತ್ತು ನಿಮ್ಮ ಮ್ಯಾಲಿನ ಪ್ರೀತಿಗೆ, ಅವ್ರ ಮ್ಯಾಲಿನ ಸಿಟ್ಟಿಗೆ ಸುರಿದೆ. ಕೂಸಿನ ಖಬರೂ ನನಗಿರಲಿಲ್ಲ. ಆದ್ರ ನಿಮಗ ಗೊತ್ತಿತ್ತು. ಒಂದು ಕಾಳು ಚೆಲ್ಲದಂಗ ಸೆರಗು ಗಂಟು ಹಾಕ್ಕೊಂಡ್ರಿ. ಆವಾಗಽ ಒಂದು ಮಾತು, ಭಾಗ್ಯಾ ಬ್ಯಾಡ, ಇದರ ಅರ್ಥ ಬ್ಯಾರೆ ಐತಿ ಅಂತ ಅಂದಿದ್ರ? ಯಾಕ ಅನ್ನಲಿಲ್ಲ ಅಂತ ಎಷ್ಟೋ ರಾತ್ರಿ ನಿಮ್ಮ ಮ್ಯಾಲ ಸಿಟ್ಟು ಮಾಡೀನಿ. ಮತ್ತ ನಾನಽ ನಿಮ್ಮ ಜಾಗಾದಾಗ ನಿಂತು ನೋಡೀನಿ. ಹದಿನಾಕು ವರ್ಷ ಖಾಲಿ ಹಿಡದ ಸೆರಗಿನ್ಯಾಗ ಏನರ ಬಿದ್ರ ನಾನೂ ಬ್ಯಾಡ ಅಂತಿರಲಿಲ್ಲ.

ಈಗ ಎಲ್ಲಾ ನಿಕ್ಕಿ ಆಗೇತಿ, ನಮ್ಮಿಬ್ರನ್ನ ಬಿಟ್ಟು. ಯುಗಾದಿ ಮುಗಿದ ಮ್ಯಾಲ ಅತ್ತಿಯವ್ರು ಬಂದು ನನ್ನ ಸೇಡಂ ಮನಿಗೆ ಕರಕೊಂಡು ಹೋಗ್ತಾರಂತ. ಹಡಿಯೋದು ಅಲ್ಲೇ ಅಂತ. ತವರುಮನಿ ಹೆಸರು ಹೇಳೋಣಂದ್ರ ನಮ್ಮವ್ವ ಇಲ್ಲ, ನಮ್ಮಪ್ಪ 'ಅತ್ತಿ ಹೇಳಿದಂಗ ಕೇಳವ್ವ' ಅಂದು ಫೋನ್ ಇಟ್ಟ. ಕೂಸು ನರ್ಸಿನ ಕೈಯಿಂದ ಸೀದಾ ನಿಮ್ಮ ಉಡಿಗೆ ಬೀಳಬೇಕಂತ, ನನ್ನ ಎದಿಗೆ ಹಚ್ಚಬಾರದಂತ. ಹಾಲು ಮುಟ್ಟಿದ್ರ ಋಣ ಅಂಟತೈತಂತ. ಹೋದ ವಾರ ಅತ್ತಿಯವ್ರು ಫೋನಿನ್ಯಾಗ ಭಾಳ ಪ್ರೀತಿಲೇ ಹೇಳಿದ್ರು: 'ಬ್ಯಾಸಿಗ್ಯಾಗ ಹಡಿಯೋದು ಚಲೋನ ಆತು ಬಿಡ, ಮಲ್ಲಿಗಿ ಬೇಕಾದಷ್ಟು ಸಿಗತಾವ, ಎದಿಗೆ ಕಟ್ಟಿದ್ರ ಹಾಲು ತಾನಽ ಬತ್ತತೈತಿ.' ರೊಟ್ಟಿ ಬಡಿಯಾಕತ್ತಿದ್ದೆ ಅಕ್ಕಾ. ಹಂಚಿನ ಮ್ಯಾಲ ರೊಟ್ಟಿ ಕರ್ರಗಾತು, ನನಗ ಖಬರಿಲ್ಲ. ಅವ್ರು ಕೆಟ್ಟವ್ರಲ್ಲ. ಕೆಟ್ಟವ್ರಿದ್ರ ಜಗಳಾ ಮಾಡಿ ಕೈ ತೊಳಕೋತಿದ್ದೆ. ನನಗ ಹಣ್ಣು ಕಳಸ್ತಾರ, ತುಪ್ಪಾ ಕಳಸ್ತಾರ. ಡಾಕ್ಟರ ಹತ್ತರ ಹೋಗೋ ಮುಂದ ನಾನೂ ಬರ್ತೀನಿ ಅಂದಿದ್ರು. ಬ್ಯಾಡ್ರಿ ಅಂದೆ, ಒಬ್ಬಾಕಿನಽ ಹೋಗಿ ಬಂದೆ.

ಚನ್ನುನ ಸುದ್ದಿ ಹೇಳ್ತೀನಿ, ನಿಮ್ಮ ಕೈಯಾಗ ಬೆಳದ ಮೈದುನ ಅಂವ. ಕುಬಸದಿಂದ ಬಂದ ಮ್ಯಾಲ ಅಂವಗ ಹೇಳಿದೆ, ನನಗ ರಿವಾಜು ಗೊತ್ತಿರಲಿಲ್ಲ, ನೀ ಅಣ್ಣಗ ತಿಳಿಸಿ ಹೇಳು ಅಂತ. 'ನನ್ನ ಓದಿಸಿ ಮನಷ್ಯಾನ ಮಾಡಿದವ ಅಣ್ಣ. ಜ್ವರಾ ಬಂದ್ರ ರಾತ್ರಿ ಕುಂತವ್ರು ವೈನಿ. ಈಗ ಹೆಂಗ ಇಲ್ಲ ಅನ್ನಲಿ' ಅಂದ. ಅಲ್ಲೀಮಟಾ ನನಗೂ ಕಣ್ಣೀರು ಬಂತು. ಆಮ್ಯಾಲ ಅಂದ, 'ನಮಗೇನು ಮತ್ತೊಂದು ಆಗಂಗಿಲ್ಲೇನು?' ಹೊಟ್ಟ್ಯಾಗ ಒದಿಯಾಕತ್ತಿದ್ದ ಕೂಸಿನ ಮುಂದ ಅದನ್ನ ಅಂದ! ಅವತ್ತಿನಿಂದ ನಾವು ಉಪ್ಪು, ಹುಳಿ, ನೀರು ಬಂತೋ ಇಲ್ಲೋ, ಇಷ್ಟಽ ಮಾತಾಡ್ತೀವಿ. ನೀವು ಕೌದಿ ಹೊಲಿಯಾಕತ್ತೀರಿ ಅಂತ ಅಂವಽ ಹೇಳಿದ. ಹಸರ ಅಂಚಿಂದು, ಸಣ್ಣದು ಅಂತ. ಕೇಳಿ ಅವತ್ತು ನನಗ ಉಣ್ಣಾಕ ಆಗ್ಲಿಲ್ಲ.

ಶುಕ್ರವಾರ ಆಫೀಸಿಗೆ ಪರದೇಶದಿಂದ ಒಂದು ಮೇಲ್ ಬಂತು. ಅಲ್ಲಿ ಕೆಲಸ ನೋಡೋಳು ಒಬ್ಬ ಹೆಣ್ಣುಮಗಳು, ಅಕಿ ಮಾರಿ ನಾವ್ಯಾರೂ ನೋಡಿಲ್ಲ. ಉಡಿ ರಿವಾಜು ಅವ್ರಿಗೆ ಭಾಳ ಹಿಡಿಸೇತಂತ, ಆಟದ ನಡುಭಾಗ ಅದಽ ಆಗಬೇಕಂತ. ಆಡೋರು ಕಿರೇ ರಾಣಿ ಆಗಿ ಆಡಬೇಕು. ಅದರ ಕೆಳಗ ಒಂದು ಪ್ರಶ್ನಿ: ಕಿರೇ ರಾಣಿ ಕೊಡಂಗಿಲ್ಲ ಅಂದ್ರ ಏನಾಗ್ತೈತಿ? ಅಕಿ ಹೆಂಗ ಹೇಳ್ತಾಳ? ಅಕಿ ಮಾತು ಬರದು ಕಳಿಸ್ರಿ. ಅಕ್ಕಾ, ನೋಡ್ರಿ ಹೆಂಗೈತಿ! ಮನ್ಯಾಗ ಅತ್ತಿ ಕೇಳಲಿಲ್ಲ, ಗಂಡ ಕೇಳಲಿಲ್ಲ, ಹಡದ ಅಪ್ಪ ಕೇಳಲಿಲ್ಲ. ಸಮುದ್ರದ ಆಚಿಂದ ಯಾರೋ ಒಬ್ಬಾಕಿ, ಇಲ್ಲದ ರಾಜ್ಯದ ಇಲ್ಲದ ರಾಣಿ ಸಲುವಾಗಿ ಕೇಳಿದ್ಲು. ನಾ ಸಂಜೀತನಕ ಕಂಪ್ಯೂಟರ್ ಮುಂದ ಕುಂತೆ, ಒಂದು ಸಾಲು ಬರೀಲಿಲ್ಲ. ಕಿರೇ ರಾಣಿ ಬಾಯಿ ತಗೀತಾಳ, ಎದುರಿಗೆ ಹಿರೇ ರಾಣಿ ನಿಂತಾಳ, ಮಾತು ಹೊರಗ ಬರವಲ್ದು. ಕಡೀಕ ದೀಪಕ ಬಂದು, ಮೇಡಂ, ಯುದ್ಧ ಹಚ್ಚಿಬಿಡೋಣ್ರಿ, ಇಲ್ಲ ಅಂದ್ರ ಎರಡೂ ತವರಿನವ್ರು ಬಡಿದಾಡಿ ಕ್ವಾಟಿ ಸುಟ್ಟು ಹೋಗ್ಲಿ ಅಂದ. ಹೂಂ ಅಂದೆ, ಬರದು ಕೊಟ್ಟೆ. ಎಲ್ಲಾರಿಗೂ ಯುದ್ಧ ಬೇಷ್ ಅನ್ನಿಸ್ತು. ಬಸ್ಸಿನ್ಯಾಗ ಅಳಕೋಂತ ಬಂದೆ. ಒಬ್ಬಾಕಿ ಬ್ಯಾನಿ ಸುರು ಆತೇನಮ್ಮಾ ಅಂತ ಕೇಳಿ ಬಸ್ಸಽ ನಿಲ್ಲಿಸಾಕ ಹೊಂಟಿದ್ಲು.

ಅಲ್ಲಿ ಬರಿಯಾಕ ಆಗದ್ದು ಇಲ್ಲಿ ಬರೀತೀನಿ. ಅಕ್ಕಾ, ನಾ ಕೂಸು ಕೊಡಂಗಿಲ್ಲ. ಸೇಡಂಗೂ ಬರಂಗಿಲ್ಲ, ಇಲ್ಲೇ ಹಡೀತೀನಿ. ಹುಟ್ಟಿದ ಗಳಿಗಿಗೆ ನನ್ನ ಎದಿಗೆ ಹಚ್ಕೋತೀನಿ. ರಿವಾಜು ಮುರದ್ಲು ಅಂತ ಅತ್ತಿಯವ್ರು ಹೊಸ್ತಿಲಾ ತುಳಿಬ್ಯಾಡ ಅಂದ್ರ ತುಳಿಯಂಗಿಲ್ಲ. ಚನ್ನುಗ ನಿನ್ನಿ ಇಷ್ಟು ಹೇಳೀನಿ. ಚಹಾ ಅರ್ಧಕ್ಕ ಬಿಟ್ಟು ಡ್ಯೂಟಿಗೆ ಹೋದ. ನಿಮಗ ಬ್ಯಾರೆಯವ್ರಿಂದ ಗೊತ್ತಾಗೋದು ಬ್ಯಾಡ ಅಂತ ನಾನಽ ಬರದೀನಿ. ಓದಿ ನಿಮ್ಮ ಹೊಟ್ಟಿ ಉರೀತೈತಿ, ನನಗೊತ್ತು. ತುಂಬಿದ್ದು ಕಸಗೊಂಡಂಗ ಆಗ್ತೈತಿ. ನೀವು ನನ್ನ ಎಷ್ಟು ಬೈದ್ರೂ ಬೈಸ್ಕೋತೀನಿ, ಬರೇ ಸುಮ್ಮನ ಮಾತ್ರ ಇರಬ್ಯಾಡ್ರಿ. ಒಂದು ಕೇಳ್ತೀನಿ. ನಿನಗ ಈ ಕೂಸು ಬೇಕೇನು, ಹಿಂಗ ಬೇಕೇನು, ತಾಯಿ ಎದಿಗೆ ಮಲ್ಲಿಗಿ ಕಟ್ಟಿ ತಂದದ್ದು ಬೇಕೇನು ಅಂತ ನಿಮ್ಮನ್ನರ ಯಾರರ ಕೇಳ್ಯಾರೇನು? ಭಾವ ಕೇಳ್ಯಾರೇನು? ನನಗ ಅನ್ನಿಸೋ ಪ್ರಕಾರ ನಿಮ್ಮನ್ನೂ ಕೇಳಿಲ್ಲ. ಉಡಿ ಹಿಡಿ ಅಂದ್ರು, ಹಿಡದ್ರಿ. ನಾ ಹಡದು ಕೊಡಾಕಿ, ನೀವು ತಗೊಳಾಕಿ, ನಡುವ ಮಾತಾಡಿ ಮುಗಿಸಿದವ್ರು ಅವ್ರು.

ಉತ್ತರ ಬರೀರಿ. ಬರಿಯಾಕ ಮನಸಾಗದಿದ್ರ ಸಾಲಿಯಿಂದ ಹೊರಗ ಬಂದು ಎಸ್‌ಟಿಡಿ ಬೂತಿನಿಂದ ಜಯಮ್ಮನ ಮನಿಗೆ ಫೋನ್ ಮಾಡ್ರಿ, ಕರದು ಕೊಡ್ತಾರ. ಅತ್ತಿಯವ್ರಿಗೂ ಭಾವಗೂ ಶರಣು ಹೇಳ್ರಿ ಅಂತ ಬರೀಬೇಕು, ಹೇಳಿದ್ರ ಪತ್ರ ಬಂದದ್ದು ಗೊತ್ತಾಗ್ತೈತಿ. ಮನಸಿನ್ಯಾಗಽ ಹೇಳಿಬಿಡ್ರಿ. ಮೊಣಕಾಲಿಗೆ ಎಣ್ಣಿ ಮರೀಬ್ಯಾಡ್ರಿ, ಬಿಸಲಾಗ ತಲಿಮ್ಯಾಲ ಸೆರಗು ಹೊತ್ತು ಹೋಗ್ರಿ. ನೀವು ಸುಖವಾಗಿರಬೇಕು ಅಂತ ದಿನಾ ದೇವರ ಮುಂದ ಕೇಳ್ತೀನಿ. ಈ ಪತ್ರ ಬರದ ಮ್ಯಾಲೂ ಅದು ಖರೇನಽ ಐತಿ.

ನಿಮ್ಮ ಕಾಲಿಗೆ ಬೀಳೋ ತಂಗಿ,
ಭಾಗ್ಯಶ್ರೀ

ತಾ.ಕ.: ಪೋಸ್ಟ್ ಡಬ್ಬಿ ತನಕ ಹೋಗಿ ಹಾಕದ ತಿರುಗಿ ಬಂದೆ. ಇದನ್ನ ಮುಚ್ಚಿಟ್ರ ಮ್ಯಾಲ ಬರದದ್ದೆಲ್ಲಾ ಅರ್ಧಾ ಸುಳ್ಳಾಗ್ತೈತಿ. ಅಕ್ಕಾ, ಎರಡು ಅದಾವ. ನಾರಾಯಣಗೂಡದ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡಿ ಹೇಳ್ಯಾರ. ಚನ್ನುಗ ಸೈತ ಗೊತ್ತಿಲ್ಲ. ಗೊತ್ತಾದ್ರ ದೇವರಽ ಹಂಚಿ ಕೊಟ್ಟ, ನಿನಗೊಂದು ಅಕಿಗೊಂದು ಅಂತಾರ. ಆಮ್ಯಾಲ ನನ್ನ 'ಇಲ್ಲ' ಯಾರ ಕಿವಿಗೂ ಬೀಳಂಗಿಲ್ಲ. ಅದಕಽ ಮುಚ್ಚಿಟ್ಟೀನಿ. ಎರಡೂ ನನ್ನವಽ, ಯಾವ್ದೂ ಕೊಡಂಗಿಲ್ಲ. ನೀವು ಇಷ್ಟಽ ಅತ್ತಿಯವ್ರ ಮುಂದ ಬಾಯಿ ಬಿಟ್ರ ಸಾಕು, ನಾ ಸೋತೆ. ಗೊತ್ತಿದ್ದಽ ಬರದೀನಿ. ಎರಡೂ ಭಾಳ ಸಣ್ಣವು ಅದಾವಂತ, ದಿನಾ ತುಂಬೋಕಿಂತ ಮೊದಲಽ ಬರಬಹುದಂತ, ಹಗಲು ರಾತ್ರಿ ನನ್ನ ಬಾಜೂಕ ಮನಿ ಹೆಣ್ಣುಮಗಳು ಒಬ್ಬಾಕಿ ಇರಬೇಕಂತ. ಯಾರು ಬರ್ತಾರಮ್ಮಾ ಅಂತ ನರ್ಸ್ ಕೇಳಿದ್ಲು. ನಿಮ್ಮ ಹೆಸರು ಬರಿಸಿ ಬಂದೀನಿ.